ಕತ್ತರಿ ಸಾರ್ ಕತ್ತರಿಸದೆ ಬಿಟ್ಟದ್ದು

ಹಿರಿಯರೇ, ಗೆಳೆಯರೇ, ಯಂತ್ರ ನಿಲ್ಲಿಸಿ ಕೈಯ ಮಸಿ ಒರೆಸಿಕೊಳ್ಳುತ್ತಲೇ ಮೇಲೆ ಹತ್ತಿ ಬಂದಿರುವ ಮುದ್ರಣ ವಿಭಾಗದ ಅಣ್ಣಂದಿರೇ, ಮುಂದಿನ ಸಾಲಿನಲ್ಲಿ ಕೂತಿರುವ ಸಾರ್ ಅವರ ಶ್ರೀಮತಿ, ನಮ್ಮ ಮಿಸ್ ಅವರೇ, ಅವರ ಮಗಳೇ, ಸಾರ್ ಅವರ ತಮ್ಮನವರೇ — ಎಲ್ಲರಿಗೂ ನಮಸ್ಕಾರ.

"ಚಿಕ್ಕದಾಗಿ ಮಾತಾಡಿ" ಎಂದು ಸಂಪಾದಕರು ಹೇಳಿದ್ದಾರೆ. ಕತ್ತರಿ ಸಾರ್ ಇದ್ದಿದ್ದರೆ ಆ ಚಿಕ್ಕದನ್ನೂ ಅರ್ಧ ಮಾಡುತ್ತಿದ್ದರು. ಅವರಿಲ್ಲ. ಆದ್ದರಿಂದ ಇವತ್ತು ನಾನು ಸ್ವಲ್ಪ ಉದ್ದವಾಗಿಯೇ ಮಾತಾಡುತ್ತೇನೆ — ಸಂಪಾದಕರು ಗಡಿಯಾರ ನೋಡಿದರೆ ನಾನು ಅವರನ್ನು ನೋಡುವುದಿಲ್ಲ.

ಪತ್ರಿಕೆಯವರಲ್ಲದವರೂ ಬಂದಿದ್ದೀರಿ. ನಿಮಗಾಗಿ ಹೇಳುತ್ತೇನೆ. ಸಾರ್ ನಮ್ಮಲ್ಲಿ ಮುಖ್ಯ ಉಪಸಂಪಾದಕರಾಗಿದ್ದವರು. ನಿವೃತ್ತರಾದ ಮೇಲೂ ವಾರದ ಪುರವಣಿ ನೋಡಿಕೊಳ್ಳಲು ಮತ್ತೆ ಕರೆಸಿಕೊಂಡಿದ್ದೆವು. ಆ ಪುರವಣಿಯ ಕೊನೆಯ ಪುಟದಲ್ಲಿ ನಗೆಬರಹ ಬರೆಯುವವನು ನಾನು. ಬರೆಯುವವನು ನಾನು, ಉಳಿಸುವವರು ಅವರು. ನಾನು ಒಂದು ಬುಟ್ಟಿ ಕೊಟ್ಟರೆ ಅವರು ಒಂದು ಬೊಗಸೆ ಅಚ್ಚು ಮಾಡುತ್ತಿದ್ದರು. ಓದುಗರು "ಚೆನ್ನಾಗಿದೆ" ಎಂದಾಗಲೆಲ್ಲ ಹೊಗಳಿಕೆ ನನ್ನ ಬುಟ್ಟಿಗೋ ಅವರ ಕತ್ತರಿಗೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಒಮ್ಮೆ ಯಾರೋ ತೀರಿಕೊಂಡ ಸುದ್ದಿಯಲ್ಲಿ ಹೊಸ ಹುಡುಗಿಯೊಬ್ಬಳು "ತುಂಬಲಾರದ ನಷ್ಟ" ಎಂದು ಬರೆದಿದ್ದಳು. ಸಾರ್ ಕನ್ನಡಕದ ಮೇಲಿಂದ ನೋಡಿ — ಹೀಗೆ — "ತುಂಬಲಾರದ ನಷ್ಟ ಅಂತ ಬರೀಬೇಡಮ್ಮ. ನಾಳೆ ಆ ಜಾಗಕ್ಕೆ ಜಾಹೀರಾತು ತುಂಬ್ತೀವಿ" ಎಂದರು. ಆದ್ದರಿಂದ ನಾನು ಆ ಮಾತನ್ನು ಹೇಳುವುದಿಲ್ಲ. ಹೇಳಿದರೆ ಹಾರ ಹಾಕಿರುವ ಆ ಫೋಟೋದಿಂದ ಅವರ ಕೈ ಹೊರಗೆ ಬಂದೀತು.

ನಗಿ, ನಗಿ. ಮಿಸ್ ಕೂಡ ನಕ್ಕರು. ಆದರೆ ನಾನು ಇಲ್ಲಿಗೆ ನಗಿಸಲು ಬಂದಿಲ್ಲ.

ಸಭೆ ಶುರುವಾಗುವ ಮೊದಲು ಹೊರಗೆ ಟೀ ಕೊಡುತ್ತಿದ್ದರಲ್ಲ — ಅಲ್ಲಿ ಒಂದು ಮಾತು ಕೇಳಿದೆ. ಲೋಟಕ್ಕೆ ತುಟಿ ಹಚ್ಚಿ, ಲೋಟದೊಳಗೇ ಹೇಳಿದ ಹಾಗೆ ಹೇಳಿದ ಮಾತು. "ಮಾತ್ರೆ ನಿಲ್ಲಿಸಿಬಿಟ್ರಲ್ಲ, ಅದಕ್ಕೇ ಹೋದ್ರು." ಇನ್ನೊಬ್ಬರು, "ಹೂಂ, ಮನೆಯವರೇ ನಿಲ್ಲಿಸಿದ್ದಂತೆ." ಮೂರನೆಯವರು ತಲೆ ಆಡಿಸಿದರು. ತಲೆ ಆಡಿಸುವುದು ಎಷ್ಟು ಸುಲಭ ನೋಡಿ! ಸಾಕ್ಷಿ ಬೇಡ, ಸಹಿ ಬೇಡ.

ಆ ಮಾತು ಟೀ ಲೋಟದಲ್ಲೇ ಮುಳುಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮುಳುಗಿಲ್ಲ. ಅದು ಮೊದಲೇ ಸಾರ್ ಮನೆಯ ಅಡುಗೆಮನೆಯವರೆಗೂ ಹೋಗಿದೆ. ಸಾರ್ ಹೋದಾಗಿನಿಂದ ಮಿಸ್ ಒಂದೇ ಪ್ರಶ್ನೆ ಕೇಳುತ್ತಿದ್ದಾರಂತೆ. ಮಗಳು ನನಗೆ ಹೇಳಿದಳು — "ತಟ್ಟೆ ಮುಂದೆ ಇಟ್ಟರೂ ಅಮ್ಮ ಅದನ್ನೇ ಕೇಳ್ತಾರೆ. 'ನಾನೇ ಕೈಯಾರೆ ಕಳಿಸಿದ್ನೇನೇ?' ಅಂತ."

ಬದುಕೆಲ್ಲ ಶಾಲೆಯಲ್ಲಿ ಪ್ರಶ್ನೆ ಕೇಳಿದ ಮುಖ್ಯೋಪಾಧ್ಯಾಯಿನಿ. ಊರೆಲ್ಲ ಅವರನ್ನು ಮಿಸ್ ಎನ್ನುತ್ತದೆ, ಅವರು ಏನನ್ನೂ ಮಿಸ್ ಮಾಡಿದವರಲ್ಲ. ಅವರಿಗೆ ಈಗ ಈ ಒಂದು ಪ್ರಶ್ನೆಗೆ ಉತ್ತರ ಬೇಕಾಗಿದೆ. ಮುಚ್ಚಿದ ಕೋಣೆಯಲ್ಲಿ ನಾನು ಸಮಾಧಾನ ಹೇಳಿದರೆ ಸಾಲದು. ಮಾತು ಎಲ್ಲಿ ಹಬ್ಬಿತೋ ಅಲ್ಲೇ ಉತ್ತರ ಹೇಳಬೇಕು. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳಿ. ಆದ್ರೆ ಅವರ ತಮ್ಮನ್ನ ಬೈಬೇಡಿ" ಎಂದರು. ಬೈಯುವುದಿಲ್ಲ. ಚಿಕ್ಕಪ್ಪ — ಮಗಳು ಕರೆಯುವ ಹಾಗೆಯೇ ಕರೆಯುತ್ತೇನೆ — ನೀವು ಎದ್ದು ಹೋಗಬೇಡಿ. ದಯವಿಟ್ಟು ಕೂತುಕೊಳ್ಳಿ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಕಚೇರಿಯಲ್ಲಿ ಸಾರ್ ಮಾಡಿದ ಒಂದು ಕಾಯಿದೆ ಇತ್ತು. ಕ್ರೀಡೆಯವರ ಬರಹ ಕ್ರೀಡೆಯವರದ್ದು, ವಾಣಿಜ್ಯದವರದ್ದು ವಾಣಿಜ್ಯದವರದ್ದು. ಒಂದು ಡೆಸ್ಕಿನ ಬರಹಕ್ಕೆ ಇನ್ನೊಂದು ಡೆಸ್ಕಿನವರು ಕೈ ಹಾಕುವಂತಿಲ್ಲ. ತಪ್ಪು ಕಂಡರೆ ಎದ್ದು ಹೋಗಿ ಕೇಳಬೇಕು. "ಕೇಳಿ ಕೊಯ್ದರೆ ಕತ್ತರಿ, ಕೇಳದೆ ಕೊಯ್ದರೆ ಚೂರಿ" ಎನ್ನುತ್ತಿದ್ದರು. ಇಲ್ಲಿರುವ ಅರ್ಧ ಜನ ಆ ಬೈಗುಳ ತಿಂದೇ ಬೆಳೆದವರು.

ಈ ಕಾಯಿದೆಯನ್ನು ಅವರು ತಮ್ಮ ದೇಹಕ್ಕೂ ಹಾಕಿದರು. ಅಲ್ಲಿ ತಪ್ಪಿತು.

ಹೃದಯಕ್ಕೆ ಒಬ್ಬ ಡಾಕ್ಟರು. ಮಂಡಿಗೆ ಒಬ್ಬರು. ಮೂತ್ರದ ತೊಂದರೆಗೆ ಒಬ್ಬರು. ನಡುವೆ ಒಂದು ಹರ್ನಿಯಾ ಆಪರೇಷನ್, ಆ ಆಸ್ಪತ್ರೆಯವರು ಮನೆಗೆ ಕಳಿಸುವಾಗ ಬರೆದುಕೊಟ್ಟ ಮಾತ್ರೆಗಳು ಬೇರೆ. ಆಸ್ಪತ್ರೆಯ ಗದ್ದಲದಲ್ಲಿ ನಿದ್ದೆ ಬರಲಿ ಎಂದು ಅಲ್ಲಿ ಒಂದು ಮಾತ್ರೆ ಕೊಟ್ಟಿದ್ದರು. ಸಾರ್ ಆಸ್ಪತ್ರೆ ಬಿಟ್ಟು ಬಂದರು, ಆ ಮಾತ್ರೆ ಸಾರ್ ಅವರನ್ನು ಬಿಡಲಿಲ್ಲ. ಮನೆಯವರ ಹಾಗೆ ಉಳಿದುಕೊಂಡಿತು.

ಛಂದಸ್ಸು ಓದಿದವರಿಗೆ ಗೊತ್ತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಮ್ಮ ಗುರುವಿಗೆ ಮಾತ್ರ ಬೆಳಿಗ್ಗೆ ಒಂದು ಮುಷ್ಟಿ, ರಾತ್ರಿ ಒಂದು ಮುಷ್ಟಿ! ಒಮ್ಮೆ ನಾನು ಕೆಣಕಿದೆ — "ಸಾರ್, ನನ್ನ ಬರಹದಲ್ಲಿ ಒಂದು ವಿಶೇಷಣ ಉಳಿಸಲ್ಲ ನೀವು. ಇದ್ರಲ್ಲಿ ಒಂದನ್ನಾದ್ರೂ ಕತ್ತರಿಸಬಾರದಾ?" ಅವರು ಗಂಭೀರವಾಗಿ ಹೇಳಿದರು, "ಅದು ಹೃದಯದ ಡೆಸ್ಕಿಂದು. ಇದು ಮಂಡಿ ಡೆಸ್ಕಿಂದು. ನಾನ್ಯಾರಯ್ಯ ಮುಟ್ಟೋಕೆ?"

ಒಂದರ್ಥದಲ್ಲಿ ಸರಿಯಾಗಿಯೇ ಹೇಳಿದ್ದರು. ನಾವಾಗಿಯೇ ಮುಟ್ಟಬಾರದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಶುರುವಾಯಿತು.

ಮೊದಲು ನಡಿಗೆ. ಕಾರಿಡಾರಿನಲ್ಲಿ ಗೋಡೆಗೆ ಬೆರಳು ತಾಗಿಸಿಕೊಂಡೇ ನಡೆಯತೊಡಗಿದರು. ಮೆಟ್ಟಿಲಲ್ಲಿ ಒಂದು ದಿನ ಬಿದ್ದರು. ಗುಳಿಗೆ ಜಾಸ್ತಿಯಾದರೆ ಮನುಷ್ಯ ಗುಳಿಗೆ ಬೀಳುತ್ತಾನೆ ಎಂದು ನಾನು ಜೋಕು ಮಾಡಿದೆ. ಯಾರೂ ನಗಲಿಲ್ಲ, ಅವರೂ ನಗಲಿಲ್ಲ. ಅವರಿಗೆ ಜೋಕು ಅರ್ಥವಾಗಿರಲಿಲ್ಲ. ಅಂಥಾ ಮನುಷ್ಯನಿಗೆ! ಅದು ನನಗೆ ಆ ಬಿದ್ದದ್ದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಮೇಲೆ ಪುಟ. ಒಂದು ವಾರ ಪುರವಣಿಯಲ್ಲಿ ಒಂದೇ ಲೇಖನ ಎರಡು ಕಡೆ ಕೂತಿತ್ತು. ಮೇಲೆ ಒಂದು ತಲೆಬರಹ, ಕೆಳಗೆ ಅದೇ ಲೇಖನಕ್ಕೆ ಇನ್ನೊಂದು ತಲೆಬರಹ. ಪುಟ ಕಟ್ಟುವ ಅಕ್ಕ ಕಂಡುಹಿಡಿದು ತೋರಿಸಿದಾಗ ಸಾರ್ ಬಹಳ ಹೊತ್ತು ನೋಡಿದರು. "ಎರಡೂ ಚೆನ್ನಾಗಿದೆಯಲ್ಲಮ್ಮ" ಎಂದರು. ಆಕೆ ಶೌಚಾಲಯಕ್ಕೆ ಹೋಗಿ ಅತ್ತು ಬಂದಳು. ಅಲ್ಲಿ ಕೂತಿದ್ದಾಳೆ, ಕೇಳಿ ಬೇಕಾದರೆ.

ಸಂಪಾದಕರು ಒಂದು ತೀರ್ಮಾನಕ್ಕೆ ಬಂದರು — ಮುಂದಿನ ತಿಂಗಳಿಂದ ಸಾರ್‌ಗೆ ಗೌರವದಿಂದ ವಿಶ್ರಾಂತಿ ಕೊಡುವುದು. ಗೌರವದಿಂದ! ನಮ್ಮಲ್ಲಿ ಯಾರನ್ನಾದರೂ ಎಬ್ಬಿಸಬೇಕಾದರೆ ಮೊದಲು ಶಾಲು ಹೊದಿಸುತ್ತೇವೆ. ಸಂಪಾದಕರ ತಪ್ಪೂ ಅಲ್ಲ. ಆ ಸ್ಥಿತಿಯಲ್ಲಿ ಅವರ ಕೈಯಲ್ಲಿ ಪುಟ ಬಿಡುವುದು ಹೇಗೆ?

ಆಮೇಲೆ ಮನೆ. ಮಿಸ್ ಟೀ ತಂದುಕೊಟ್ಟರು. ಸಾರ್ ಲೋಟ ತೆಗೆದುಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಅವರ ಮುಖ ನೋಡಿ, ತುಂಬ ಮೃದುವಾಗಿ ಕೇಳಿದರು. "ತಾವು ಯಾರ ಮನೆಯವರು?"

ಮಿಸ್ ನನಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. "ಇಷ್ಟು ಮರ್ಯಾದೆಯಾಗಿ ಅವರು ನನ್ನ ಹತ್ರ ಯಾವತ್ತೂ ಮಾತಾಡಿರ್ಲಿಲ್ಲ. ಅದಕ್ಕೇ ಹೆದರಿಕೆ ಆಯ್ತು."

ಮರೆವಿಗೆ ಇನ್ನೊಬ್ಬ ಡಾಕ್ಟರು. ಅವರು ವಯಸ್ಸು ಕೇಳಿದರು, ಸರಿ, ವಯಸ್ಸಾಯಿತು ಎಂದರು. ನೆನಪಿಗೊಂದು ಮಾತ್ರೆ ಬರೆದರು. ಮುಷ್ಟಿ ಇನ್ನೂ ತುಂಬಿತು.

ಈಗ ಚಿಕ್ಕಪ್ಪನ ಮಾತು. ಇವರಿಗೆ ಯಂತ್ರಗಳ ಬಿಡಿಭಾಗದ ಅಂಗಡಿ ಇದೆ, ನಿಮಗೆಲ್ಲ ಗೊತ್ತು. ಅಣ್ಣ ಎಂದರೆ ಇವರಿಗೆ ಜೀವ. ಒಂದೊಂದು ಡಾಕ್ಟರನ್ನೂ ಹುಡುಕಿ, ಊರಿಗೇ ದೊಡ್ಡವರು ಯಾರು ಎಂದು ವಿಚಾರಿಸಿ, ಅಂಗಡಿ ಮುಚ್ಚಿ, ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದವರು ಇವರು. ಒಬ್ಬೊಬ್ಬ ಡಾಕ್ಟರೂ ಅವರವರ ಭಾಗಕ್ಕೆ ನಿಪುಣರೇ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಒಟ್ಟು ಸೇರಿಸಿದರೆ ಗಾಡಿ ಓಡುತ್ತಿಲ್ಲ! ಚಿಕ್ಕಪ್ಪನಿಗೆ ಮನಸ್ಸು ತಡೆಯಲಿಲ್ಲ. ಒಂದು ಆರೈಕೆ ಕೇಂದ್ರ ನೋಡಿಕೊಂಡು ಬಂದರು. "ಅತ್ತಿಗೆ, ಒಳ್ಳೆ ಜಾಗ. ನರ್ಸ್ ಇರ್ತಾರೆ. ಬಾಗ್ಲಿಗೆ ಹೊರಗಿಂದ ಬೀಗ ಇರುತ್ತೆ, ಎಲ್ಲೂ ಹೋಗಿಬಿಡಲ್ಲ. ಮುಂದಿನ ವಾರ ಒಂದು ಹಾಸಿಗೆ ಖಾಲಿ ಆಗತ್ತಂತೆ."

ಕಚೇರಿಯಲ್ಲಿ ಶಾಲು ಸಿದ್ಧವಾಗಿದೆ, ಆ ಕಡೆ ಹಾಸಿಗೆ ಸಿದ್ಧವಾಗುತ್ತಿದೆ. ನಡುವೆ ಒಬ್ಬ ಹೆಂಗಸು ನಿಂತಿದ್ದಾರೆ, ಕೈಯಲ್ಲಿ ನೀರಿನ ಲೋಟ, ಅಂಗೈ ತುಂಬ ಮಾತ್ರೆ.

ಅವತ್ತು ಬೆಳಿಗ್ಗೆ ಸಾರ್ ಸ್ವಲ್ಪ ತಿಳಿಯಾಗಿದ್ದರಂತೆ. ಆ ಕಾಯಿಲೆಯಲ್ಲಿ ಹಾಗಿತ್ತು, ಮೋಡ ಸರಿದ ಹಾಗೆ ನಡುನಡುವೆ ಒಂದಿಷ್ಟು ಹೊತ್ತು. ಮಿಸ್ ಮಾತ್ರೆಗಳನ್ನು ಅವರ ಮುಂದೆ ಮೇಜಿನ ಮೇಲೆ ಇಟ್ಟರು. ಕೊಡಲಿಲ್ಲ. ಇಟ್ಟು ಕೇಳಿದರು, "ರೀ, ನಿಮ್ಮ ಆಫೀಸಲ್ಲಿ ಎಲ್ಲಾ ಡೆಸ್ಕಿಂದೂ ಬಂದ ಮೇಲೆ ಏನ್ಮಾಡ್ತಿದ್ರಿ?"

"ಪುಟ ಓದ್ತಿದ್ದೆ."

"ಯಾರು?"

"ನಾನು. ಪೂರ್ತಿ. ಮೇಲಿಂದ ಕೆಳಗೆ. ಓದದೆ ಕೆಳಗೆ ಅಚ್ಚಿಗೆ ಕಳಿಸೋ ಹಾಗಿಲ್ಲ."

"ಸರಿ. ಈ ಪುಟಾನ ಪೂರ್ತಿ ಓದಿದವರು ಯಾರು?"

ಸಾರ್ ಮಾತ್ರೆಗಳನ್ನು ನೋಡಿದರು. ಬಿಳಿ, ಹಳದಿ, ಗುಲಾಬಿ, ಅರ್ಧ ಮಾಡಿದ್ದು, ಇಡಿಯದ್ದು. ಬೆರಳಿನಿಂದ ಒಂದನ್ನು ಪಕ್ಕಕ್ಕೆ ಸರಿಸಿದರು, ಮತ್ತೆ ಅಲ್ಲೇ ಇಟ್ಟರು. "ಯಾರೂ ಓದಿಲ್ಲ ಕಣೇ" ಎಂದರು. ಎಲ್ಲವನ್ನೂ ಅವರ ಕಡೆ ತಳ್ಳಿ, "ಓದ್ಸು" ಎಂದರು.

ಕೇಳಿಸಿಕೊಂಡಿರಾ? ಟೀ ಕುಡಿಯುವಾಗ ಮಾತಾಡಿದವರು ಕೇಳಿಸಿಕೊಂಡಿರಾ? ಅದು ಮಿಸ್ ಒಬ್ಬರ ತೀರ್ಮಾನವಲ್ಲ. "ಓದ್ಸು" ಎಂದವರು ಕತ್ತರಿ ಸಾರ್.

ಹಿರಿಯರನ್ನೇ ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಸಣ್ಣ ಕೋಣೆ, ಕಿಟಕಿಯಲ್ಲಿ ಒಂದು ಗಿಡ, ಎತ್ತರದ ಕುರ್ಚಿ — ವಯಸ್ಸಾದವರಿಗೆ ಕೂರಲು ಏಳಲು ಸುಲಭವಾಗಲಿ ಎಂದು. ಫೋನಿನಲ್ಲಿ ಮೊದಲೇ ಹೇಳಿದ್ದರು — "ಮನೆಯಲ್ಲಿರೋ ಎಲ್ಲಾ ಔಷಧಿ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ. ಎಲ್ಲಾ ಅಂದ್ರೆ ಎಲ್ಲಾ. ಕಣ್ಣಿಗೆ ಹಾಕೋದು, ಮಂಡಿಗೆ ತಿಕ್ಕೋದು, ಅಂಗಡೀಲಿ ಕೇಳಿ ತಗೊಂಡಿದ್ದು, ಪಕ್ಕದ ಮನೆಯವರು ಪ್ರೀತಿಗೆ ಕೊಟ್ಟಿದ್ದು." ನಾನು ಜೊತೆಗೆ ಹೋಗಿದ್ದೆ, ಚೀಲ ಹೊತ್ತುಕೊಂಡು. ಚೀಲ ತರಕಾರಿಯಷ್ಟು ಭಾರವಿತ್ತು.

ಡಾಕ್ಟರಮ್ಮ ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಒಂದೊಂದನ್ನೇ ಎತ್ತಿ ಕೇಳಿದರು. ಇದು ಯಾಕೆ? ಯಾರು ಶುರು ಮಾಡಿದ್ದು? ಎಲ್ಲಿವರೆಗೆ ತಗೊಳ್ಳಿ ಅಂದಿದ್ರು? ಇದರಿಂದ ಏನಾದ್ರೂ ಗುಣ ಕಂಡಿದೆಯಾ? ಅರ್ಧಕ್ಕರ್ಧ ಪ್ರಶ್ನೆಗಳಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಸಾರ್‌ಗೆ ಸಿಟ್ಟು ಬಂತು. "ಏನಮ್ಮ, ನನ್ನ ಕಾಪಿ ತಿದ್ದೋಕೆ ಕೂತಿದ್ದೀಯಾ?"

"ತಿದ್ದೋದು ಆಮೇಲೆ ಸಾರ್. ಈಗ ಬರೀ ಓದ್ತಿದ್ದೀನಿ."

ಸಾರ್ ಕುರ್ಚಿಗೆ ಒರಗಿದರು. ಅವರದೇ ಬಾಯಿಂದ ಬರಬೇಕಾಗಿದ್ದ ಉತ್ತರ!

ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತೊಡನೆ ಬಿಪಿ ಸರ್ರನೆ ಇಳಿಯುತ್ತಿತ್ತು. ಆಮೇಲೆ ಎರಡು ಮಾತ್ರೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಒಂದು ಹೃದಯದ ಡಾಕ್ಟರು ಕೊಟ್ಟದ್ದು, ಇನ್ನೊಂದು ಆಪರೇಷನ್ ಮಾಡಿದ ಆಸ್ಪತ್ರೆಯವರು ಕೊಟ್ಟದ್ದು. "ಕಂಪನಿ ಬೇರೆ, ಹೆಸರು ಬೇರೆ. ಒಳಗಿರೋ ಬಿಪಿ ಔಷಧಿ ಒಂದೇ. ದಿನಾ ಎರಡೂ ತಗೋತಿದ್ದೀರಿ" ಎಂದರು.

ಮಿಸ್ ಎರಡು ಹಾಳೆಗಳನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಆಗ ಸಾರ್ — ಆ ಮಂಪರಿನಲ್ಲೂ — ಮೆಲ್ಲಗೆ ಹೇಳಿದರು. "ಒಂದೇ ಲೇಖನ. ಎರಡು ತಲೆಬರಹ."

ಮಿಸ್ ಮುಖ ಆಚೆ ತಿರುಗಿಸಿಕೊಂಡರು.

ಉಳಿದದ್ದನ್ನು ಡಾಕ್ಟರಮ್ಮ ಸರಪಳಿಯ ಹಾಗೆ ಎಳೆದು ತೋರಿಸಿದರು. ಆ ಬಿಪಿ ಔಷಧಿ ಎರಡು ಪಟ್ಟಾಗಿ ಕಾಲು ಊದಿತು. ಊತ ಕಂಡು ಯಾರೋ ನೀರಿಳಿಸುವ ಮಾತ್ರೆ ಕೊಟ್ಟರು. ನೀರಿಳಿದು ಸಾರ್ ಬಚ್ಚಲಿಗೆ ಓಡತೊಡಗಿದರು. ಓಟ ಕಂಡು ಮತ್ತೊಬ್ಬರು ಮೂತ್ರ ತಡೆಯುವ ಮಾತ್ರೆ ಕೊಟ್ಟರು. ವಯಸ್ಸಾದವರಲ್ಲಿ ಅದು ಬಾಯಿ ಒಣಗಿಸುತ್ತದಂತೆ, ಹೊಟ್ಟೆ ಕಟ್ಟಿಸುತ್ತದಂತೆ, ತಲೆಗೂ ಮಂಕು ಕವಿಸುತ್ತದಂತೆ. ಅದರ ಮೇಲೆ ನಿದ್ದೆಯ ಮಾತ್ರೆ. ಹೊಟ್ಟೆ ಕಟ್ಟಿದ್ದಕ್ಕೆ ಒಂದು, ಮಂಕಿಗೆ ಒಂದು. ನಮ್ಮಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ತಿದ್ದುಪಡಿಯಲ್ಲೇ ತಪ್ಪಾದರೆ? ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ. ಮೂಲ ತಪ್ಪು ಯಾವುದು ಎಂದು ಓದುಗರಿಗಿರಲಿ, ನಮಗೇ ಮರೆತುಹೋಗಿರುತ್ತದೆ.

ಇಲ್ಲಿ ಒಂದು ಮಾತನ್ನು ಎರಡು ಸಲ ಹೇಳುತ್ತೇನೆ. ಡಾಕ್ಟರಮ್ಮ ಎಲ್ಲವನ್ನೂ ನಿಲ್ಲಿಸಲಿಲ್ಲ. ಡಾಕ್ಟರಮ್ಮ — ಎಲ್ಲವನ್ನೂ — ನಿಲ್ಲಿಸಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ನಮ್ಮೆದುರಿಗೇ ಹೃದಯದ ಡಾಕ್ಟರಿಗೆ ಫೋನು ಮಾಡಿದರು. ಕೇಳಿಯೇ ಕೊಯ್ದರು. ಎರಡಾಗಿದ್ದದ್ದನ್ನು ಒಂದು ಮಾಡಿದರು. ಮೂತ್ರ ತಡೆಯುವ ಮಾತ್ರೆ ನಿಲ್ಲಿಸಿದರು. ನಿದ್ದೆಯ ಮಾತ್ರೆಯನ್ನು ಒಮ್ಮೆಲೇ ಬಿಡುವಂತಿಲ್ಲ, ವಾರಗಟ್ಟಲೆ ಚೂರುಚೂರೇ ಇಳಿಸಬೇಕು ಎಂದರು. ಹೃದಯಕ್ಕೆ ಬೇಕೇ ಬೇಕಾದದ್ದನ್ನು ಮುಟ್ಟಲಿಲ್ಲ. ರಕ್ತದಲ್ಲಿ ಒಂದು ಕೊರತೆ ಕಂಡಿತ್ತು, ಅದಕ್ಕೆ ಹೊಸದಾಗಿ ಒಂದನ್ನು ಸೇರಿಸಿದರು ಕೂಡ. ಒಳ್ಳೆಯ ಸಂಪಾದಕ ಬರೀ ಕತ್ತರಿಸುವುದಿಲ್ಲ, ಬಿಟ್ಟುಹೋದ ಪದವನ್ನೂ ತುಂಬುತ್ತಾನೆ.

ಆ ವಾರಗಳು ಸುಖದ ವಾರಗಳಾಗಿರಲಿಲ್ಲ. ನಿದ್ದೆಯ ಮಾತ್ರೆ ಇಳಿಯುತ್ತಿದ್ದ ಹಾಗೆ ಸಾರ್ ಸಿಡಿಮಿಡಿಗೊಂಡರು, ಕೈ ನಡುಗಿತು, ತಟ್ಟೆ ತಳ್ಳಿದರು. ಆಗ ಡಾಕ್ಟರಮ್ಮ ಇಳಿಸುವುದನ್ನು ಇನ್ನೂ ನಿಧಾನ ಮಾಡಿದರು. ಚಿಕ್ಕಪ್ಪ ಒಂದು ಸಂಜೆ ಮನೆಗೆ ಬಂದು ಅಣ್ಣನನ್ನು ನೋಡಿದರು. ಹೆದರಿದರು. ಹೆದರಿದವರು ಕೂಗುತ್ತಾರೆ.

"ಅತ್ತಿಗೆ, ಇಷ್ಟು ದೊಡ್ಡ ದೊಡ್ಡ ಡಾಕ್ಟ್ರು ಬರೆದಿದ್ದನ್ನ ಒಬ್ರು ಬಂದು ಅಳಿಸ್ತಾರೆ, ನೀವು ಹೂಂ ಅಂತೀರ? ನಾಳೆ ಅಣ್ಣಂಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಹೇಳಿ, ಯಾರು?"

ಮಿಸ್ ಹೇಳಿದರು. "ನಾನೇ."

ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ, ಚಪ್ಪಲಿ ಬಿಡಬೇಕೋ ಹಾಕಿಕೊಳ್ಳಬೇಕೋ ತಿಳಿಯದೆ. "ನಾನೇ." ಎರಡೇ ಅಕ್ಷರ. ಆ ಎರಡು ಅಕ್ಷರವನ್ನೇ ಇವತ್ತು ಊರು ಹಿಡಿದುಕೊಂಡು ಜಗ್ಗುತ್ತಿದೆ. ಅವತ್ತು ಆ ಮಾತು ಆಡಿ, ಸಾರ್ ತಳ್ಳಿದ ತಟ್ಟೆಯ ಅನ್ನವನ್ನು ಅವರು ನೆಲಕ್ಕೆ ಕೂತು ಒಬ್ಬರೇ ಬಳಿದದ್ದನ್ನು ಟೀ ಕುಡಿದವರು ನೋಡಿಲ್ಲ, ನಾನು ನೋಡಿದ್ದೇನೆ.

ಆಮೇಲೆ ಏನಾಯಿತು?

ಊತ ಇಳಿಯಿತು. ಬೆರಳು ಗೋಡೆ ಬಿಟ್ಟಿತು. ಒಂದು ಬೆಳಿಗ್ಗೆ ಸಾರ್ ಪತ್ರಿಕೆ ಓದುತ್ತಾ ಅಡುಗೆಮನೆ ಕಡೆ ಕೂಗಿದರು — "ಲೇ ಮಿಸ್ಸೇ, ಬಾ ಇಲ್ಲಿ, ಯಾವ ಕತ್ತೆ ಇವತ್ತಿನ ಪುಟ ನೋಡಿದ್ದು?" ಮಿಸ್ ಓಡಿ ಹೋಗಿ ಬಾಗಿಲಲ್ಲಿ ನಿಂತುಬಿಟ್ಟರಂತೆ. ಆ ಕತ್ತೆ ಯಾರು ಎಂದು ನಾನು ಹೇಳುವುದಿಲ್ಲ. ಅವರ ಬದಲಿಗೆ ಆಗ ಪುಟ ನೋಡುತ್ತಿದ್ದವನು ನಾನು.

ಹಾಸಿಗೆ ಬೇರೆ ಯಾರಿಗೋ ಹೋಯಿತು. ಶಾಲು ಸಂಪಾದಕರ ಬೀರುವಿನಲ್ಲೇ ಉಳಿಯಿತು. ಪೂರ್ತಿ ಮೊದಲಿನ ಹಾಗಾದರು ಎಂದರೆ ಸುಳ್ಳಾಗುತ್ತದೆ. ಹೆಸರುಗಳು ಕೆಲವು ಜಾರುತ್ತಿದ್ದವು, ನಡಿಗೆಗೆ ಕೋಲು ಬಂತು. ವಯಸ್ಸು ವಯಸ್ಸೇ. ಆದರೆ ಮಾತ್ರೆ ತಂದ ಮಂಕು ಬೇರೆ, ವಯಸ್ಸಿನ ಮಂಕು ಬೇರೆ. ನಾವು ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಿ "ವಯಸ್ಸಾಯ್ತು" ಎಂದು ಚೀಟಿ ಅಂಟಿಸಿದ್ದೆವು. ಮತ್ತೆ ಕಚೇರಿಗೆ ಬಂದ ದಿನವೇ ನನ್ನ ನಗೆಬರಹ ಓದಿ, "ಇದ್ರಲ್ಲಿ ಒಂದು ಜೋಕು ಸತ್ತಿದೆ, ಮನೆಯವರಿಗೆ ತಿಳಿಸಿದ್ದೀಯಾ?" ಎಂದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಆಮೇಲೆ ಈ ಚಳಿಯಲ್ಲಿ ಜ್ವರ ಬಂತು, ಕೆಮ್ಮು ಬಂತು. ಶ್ವಾಸಕೋಶಕ್ಕೆ ಸೋಂಕು ಇಳಿಯಿತು. ಆಸ್ಪತ್ರೆಗೆ ಸೇರಿಸಿದರು, ತಡ ಮಾಡಲಿಲ್ಲ. ಔಷಧಿ ಕೊಟ್ಟರು, ಆಮ್ಲಜನಕ ಕೊಟ್ಟರು. ಆಗಲಿಲ್ಲ.

ಅಲ್ಲಿನ ಡಾಕ್ಟರನ್ನು ನಾನೂ ಮಗಳೂ ನೇರವಾಗಿ ಕೇಳಿದೆವು — ಅವತ್ತು ನಿಲ್ಲಿಸಿದ ಮಾತ್ರೆಗಳಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ? ಇಲ್ಲ ಎಂದರು. ಹೃದಯದ ಡಾಕ್ಟರನ್ನು ಕೇಳಿದೆವು. ಇಲ್ಲ ಎಂದರು. ನಾನು ಡಾಕ್ಟರಲ್ಲ, ಹಾಸ್ಯ ಬರೆಯುವವನು. ನನ್ನ ಮಾತು ನಂಬಬೇಡಿ, ಅವರ ಮಾತು ನಂಬಿ. ಇಷ್ಟಾದರೂ ಅನುಮಾನ ಇರುವವರು ಲೋಟದೊಳಗೆ ಹೇಳಬೇಡಿ. ಇಲ್ಲಿ, ಮೈಕಿನ ಮುಂದೆ ಬಂದು ಹೇಳಿ.

— ಚಿಕ್ಕಪ್ಪ?

ಕೇಳಿ. ನಿಂತೇ ಕೇಳಿ, ಪರವಾಗಿಲ್ಲ.

ಹಿಂದಿನವರಿಗೆ ಕೇಳಿಸಲಿಲ್ಲವಂತೆ, ನಾನೇ ಹೇಳುತ್ತೇನೆ. ಚಿಕ್ಕಪ್ಪ ಕೇಳುತ್ತಿದ್ದಾರೆ — "ಸರಿ, ಡಾಕ್ಟ್ರು ಹೇಳಿದ್ರು, ಒಪ್ಕೊಂಡೆ. ಆದ್ರೂ ಹಾಗೇ ಬಿಟ್ಟಿದ್ರೆ, ಏನೂ ಮುಟ್ಟದೇ ಇದ್ದಿದ್ರೆ, ಅಣ್ಣ ಇನ್ನೂ ನಾಲ್ಕು ದಿನ ಇರ್ತಿದ್ನೇನೋ ಅಂತ ಅನ್ಸುತ್ತೆ. ಅನ್ಸೋದನ್ನ ಏನ್ ಮಾಡ್ಲಿ?"

ಇದಕ್ಕೆ ನಾನು — ಇಲ್ಲ, ಮಿಸ್, ನೀವು ಏಳಬೇಡಿ. ಮೈಕನ್ನೇ ನಿಮ್ಮ ಹತ್ತಿರ ತರುತ್ತೇನೆ. ಬೇಡವೇ? ಸರಿ, ಕೂತಲ್ಲೇ ಹೇಳಿ. ಎಲ್ಲರೂ ಸ್ವಲ್ಪ ನಿಶ್ಶಬ್ದ.

...

ಎಲ್ಲರಿಗೂ ಕೇಳಿಸಿತೇ? ಕೇಳಿಸದವರಿಗೆ ಹೇಳುತ್ತೇನೆ. ಒಂದು ಅಕ್ಷರವನ್ನೂ ಸೇರಿಸುವುದಿಲ್ಲ, ತೆಗೆಯುವುದಿಲ್ಲ.

ಮಿಸ್ ಹೇಳಿದರು, "ನೋಡಪ್ಪಾ, ನಾಲ್ಕು ದಿನ ಇರ್ತಿದ್ರೋ ಏನೋ, ನಂಗೂ ಗೊತ್ತಿಲ್ಲ. ಇದ್ದಿದ್ರೆ ಬೀಗ ಹಾಕಿದ ಕೋಣೇಲಿ, ನಾನು ಯಾರು ನೀನು ಯಾರು ಅಂತ ಗೊತ್ತಿಲ್ದೆ ಇರ್ತಿದ್ರು. ಆಸ್ಪತ್ರೇಲಿ ಕೊನೇ ದಿನ ನೀನು ಬರೋದು ತಡ ಆಯ್ತು. ಮಾಸ್ಕ್ ಸರಿಸಿ ನನ್ನ ಕೇಳಿದ್ರು, 'ನನ್ ತಮ್ಮ ಊಟ ಮಾಡಿದ್ನಾ?' ಅಂತ. ನಿನ್ನ ನೆನಪಿತ್ತು ಅವರಿಗೆ. ಇದನ್ನ ನಿಂಗೆ ಹೇಳೋಕೆ ನೀನು ನನ್ನ ಹತ್ರ ಬರ್ಲೇ ಇಲ್ವಲ್ಲಪ್ಪ."

...

ಚಿಕ್ಕಪ್ಪ, ಹೋಗಿ. ಅತ್ತಿಗೆಯ ಪಕ್ಕದ ಕುರ್ಚಿಯ ಮೇಲೆ ಮಗಳ ಬ್ಯಾಗು ಇದೆ, ಅವಳು ತೆಗೆಯುತ್ತಾಳೆ. ತೆಗೆದಳು. ಹೋಗಿ ಕೂತುಕೊಳ್ಳಿ.

ನಾನು ಇನ್ನೇನೋ ಹೇಳಬೇಕು ಎಂದಿದ್ದೆ. ನಿಮ್ಮ ನಿಮ್ಮ ಮನೆಯ ಹಿರಿಯರ ಚೀಲ ಸುರಿದು ನೋಡಿ, ನೀವಾಗಿಯೇ ಒಂದನ್ನೂ ನಿಲ್ಲಿಸಬೇಡಿ, ಪೂರ್ತಿ ಓದಬಲ್ಲ ಡಾಕ್ಟರ ಹತ್ತಿರ ಒಯ್ಯಿರಿ, ವರ್ಷಕ್ಕೊಮ್ಮೆಯಾದರೂ ಒಯ್ಯಿರಿ ಎಂದು. ಹೇಳಿಯೇಬಿಟ್ಟೆ. ಉಳಿದದ್ದು ಬೇಡ.

ಈಗ ನಮ್ಮ ಸಾರ್‌ಗಾಗಿ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ. ಧಡಕ್ಕನೆ ಏಳಬೇಡಿ. ವಯಸ್ಸಾದವರು ಮೊದಲು ಕುರ್ಚಿಯ ಅಂಚಿಗೆ ಬನ್ನಿ, ಕಾಲು ನೆಲಕ್ಕೆ ಊರಿ, ಒಂದು ಉಸಿರು ತೆಗೆದುಕೊಂಡು ಏಳಿ. ಏಳಲಾಗದವರು ಕೂತೇ ಇರಿ, ಅದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪಕ್ಕದಲ್ಲಿರುವ ಎಳೆಯರು ತೋಳು ಕೊಡಿ.

ಅವಸರ ಇಲ್ಲ. ಮಿಸ್ ಇನ್ನೂ ಎದ್ದಿಲ್ಲ. ಅವರ ಮೈದುನ ಕೈ ಕೊಟ್ಟಿದ್ದಾರೆ, ಎಬ್ಬಿಸುತ್ತಿದ್ದಾರೆ — ಅವರಿಬ್ಬರೂ ನಿಲ್ಲುವವರೆಗೆ ಕಾಯೋಣ.

ನಿಂತರು.

ಇನ್ನು ಯಾರೂ ಮಾತಾಡುವುದು ಬೇಡ.